ಫೋನ್ ಆಮೇಲೆ, ಮೊದಲು ರಕ್ತ ನಿಲ್ಲಿಸಿ

ನಮಸ್ಕಾರ. ಒಂದು ವಾರ್ಡ್ ನೆನೆಸಿಕೊಳ್ಳಿ. ಮಂಚದ ಮೇಲಿರುವ ರೋಗಿಗೆ ರಕ್ತ ಏರಿಸಲು ಶುರುಮಾಡಿ ಹತ್ತು ನಿಮಿಷ ಆಗಿದೆ. "ಸಿಸ್ಟರ್, ಯಾಕೋ ಚಳಿ ಆಗ್ತಿದೆ, ಸೊಂಟ ನೋಯ್ತಿದೆ" ಅಂತಾರೆ. ನರ್ಸಿಂಗ್ ಓದುತ್ತಿರುವ ಹುಡುಗಿ ಗಾಬರಿಬಿದ್ದು ಡಾಕ್ಟರಿಗೆ ಫೋನ್ ಮಾಡಲು ಓಡುತ್ತಾಳೆ. ಅಲ್ಲಿ ರಿಂಗ್ ಆಗ್ತಾ ಇದೆ, ಇಲ್ಲಿ ರಕ್ತ ತೊಟ್ಟು ತೊಟ್ಟಾಗಿ ಇಳೀತಾನೇ ಇದೆ. ರಕ್ತ ಒಗ್ಗದಿದ್ದರೆ ಮೊದಲು ಮಾಡಬೇಕಾದದ್ದು ಅದನ್ನು ನಿಲ್ಲಿಸೋದು, ಫೋನ್ ಆಮೇಲೆ.

ಪುಣ್ಯಕ್ಕೆ ಆ ರೋಗಿ ನಿಜವಾದವರಲ್ಲ. ಹುಡುಗಿಯ ಕಣ್ಣಿಗೆ ಕಟ್ಟಿದ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣೆದುರು ನಿಜದಂಥ ಲೋಕ ತೋರಿಸೋ ತಂತ್ರ) ಹೆಡ್‌ಸೆಟ್ ಒಳಗೆ ಮಾತ್ರ ಇದ್ದಾರೆ.

ಗೊಂಬೆ ಇಟ್ಟುಕೊಂಡು ಕಲಿಯೋದು ಹೊಸದೇನಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ 1911ರಲ್ಲೇ ಆಳೆತ್ತರದ ಗೊಂಬೆ ಬಂದಿತ್ತು, ಹೆಸರು ಮಿಸೆಸ್ ಚೇಸ್. 1960ರಲ್ಲಿ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡೋದು) ಕಲಿಸುವ ಗೊಂಬೆ ರೆಸಸಿ ಆ್ಯನ್ ಬಂದಳು. ಹಾಸಿಗೆ ಬದಲಿಸೋದು, ಮಗ್ಗುಲು ತಿರುಗಿಸೋದು, ಎದೆ ಒತ್ತೋದು, ಇದಕ್ಕೆಲ್ಲ ಗೊಂಬೆ ಸಾಕು. ಆದರೆ ಮುಖ ಬಿಳಿಚಿಕೊಳ್ಳೋದು, ಉಸಿರು ಜೋರಾಗೋದು, ಪಕ್ಕದಲ್ಲಿ ಮಾನಿಟರ್ ಕೂಗ್ತಿರುವಾಗ ಮನೆಯವರು ಬಂದು ಪ್ರಶ್ನೆ ಕೇಳೋದು, ಇಷ್ಟೂ ಒಟ್ಟಿಗೆ ಮೈಮೇಲೆ ಬಂದಾಗ ಯಾವುದನ್ನು ಮೊದಲು ನೋಡಬೇಕು ಅನ್ನೋ ಅಭ್ಯಾಸಕ್ಕೆ ವಿಆರ್ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಆದರೆ ಕೈ ಪಳಗಿಸೋಕೆ ವಿಆರ್ ಅಲ್ಲ. ರಕ್ತನಾಳ ಹುಡುಕೋದು ಬೆರಳ ತುದಿಯ ಕೆಲಸ, ಅಲ್ವಾ? ಸಿಪಿಆರ್‌ನಲ್ಲಿ ದೊಡ್ಡವರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಬರೀ ಗಾಳಿಯನ್ನು ಒತ್ತಿದರೆ ಆ ಬಿಗಿ ಗೊತ್ತಾಗೋದು ಹೇಗೆ? ಇನ್ನು ಕೆಲವರಿಗೆ ಹೆಡ್‌ಸೆಟ್ ಹಾಕಿದ್ರೆ ತಲೆ ಸುತ್ತುತ್ತೆ. ಕಣ್ಣು ನಡೀತಿದ್ದೀನಿ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ಇಲ್ಲ, ನಿಂತಿದ್ದೀನಿ ಅನ್ನುತ್ತೆ.

ಮತ್ತೊಂದು ಮಾತು. ಚೆನ್ನಾಗಿ ನಡೆಸಿದರೆ ಆಸ್ಪತ್ರೆ ತರಬೇತಿಯ ಅರ್ಧದಷ್ಟು ಗಂಟೆಗಳನ್ನು ಸಿಮ್ಯುಲೇಶನ್ನಿಗೆ (ನಿಜದಂಥ ಸನ್ನಿವೇಶ ಕಟ್ಟಿ ಮಾಡಿಸೋ ಅಭ್ಯಾಸಕ್ಕೆ) ಬಿಡಬಹುದು ಅಂತ 2014ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೇಳಿತು. ಅದನ್ನೇ ಹಿಡಿದು ಸುಮ್ನೆ ಹೆಡ್‌ಸೆಟ್ ಕೊಂಡರೆ ಆಗದು. ಆ ಅಧ್ಯಯನ ಈ ಹೆಡ್‌ಸೆಟ್‌ಗಳ ಬಗ್ಗೆ ಅಲ್ಲ, ಮತ್ತೆ ಅಲ್ಲಿ ಕಲಿಸುವವರು ಪಕ್ಕದಲ್ಲೇ ಇದ್ದರು.

ನಿಜವಾದ ಪಾಠ ನಡೆಯೋದು ಹೆಡ್‌ಸೆಟ್ ತೆಗೆದ ಮೇಲೆ. ಬೈಯಬಾರದು, ಕೇಳಬೇಕು. ಆ ಹತ್ತನೇ ನಿಮಿಷದಲ್ಲಿ ಏನು ನೋಡಿದೆ, ಯಾಕೆ ಓಡಿದೆ? "ಮೇಡಂ, ಡಾಕ್ಟರ್ ಬಂದ್ರೆ ಎಲ್ಲಾ ಸರಿಹೋಗುತ್ತೆ ಅನ್ಕೊಂಡೆ" ಅಂತಾಳೆ ಹುಡುಗಿ. ಸರಿ, ಇನ್ನೊಂದು ಸಲ ಹಾಕ್ಕೋ. ಅದೇ ವಾರ್ಡ್, ಅದೇ ರೋಗಿ, ಅದೇ ಚಳಿ. ಈ ಸಲ ಅವಳ ಕೈ ನೇರವಾಗಿ ಟ್ಯೂಬಿನ ಮೇಲಿರುವ, ರಕ್ತ ನಿಲ್ಲಿಸುವ ಪುಟ್ಟ ಚಕ್ರಕ್ಕೆ ಹೋಗುತ್ತದೆ.