ಗೈಡ್ ಎಳಕೊಂಡು ಹೋದನೇನಲೇ? ಮೋನ್ಶ್ ರಿಡ್ಜ್ ಮೇಲಿನ ಹಗ್ಗದ ಕಥೆ

ಸ್ವಿಟ್ಜರ್‌ಲೆಂಡ್‌ನ ಹಿಮದ ಬೆಟ್ಟ ಹತ್ತಿ ಹುಬ್ಬಳ್ಳಿಗೆ ವಾಪಸ್ ಬಂದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ಗೆಳೆಯ ಕೇಳಿದ್ದೂ ಅದನ್ನೇ. "ಗೈಡ್ ಹಗ್ಗಾ ಕಟ್ಟಿ ಎಳಕೊಂಡು ಹೋದನೇನಲೇ?" ಫೋಟೋದಲ್ಲಿ ಮುಂದೆ ಗೈಡ್, ಹಿಂದೆ ನಾನು, ನಡುವೆ ಹಗ್ಗ. ಹಾಗನಿಸುವುದು ಸಹಜ. ಅದಕ್ಕೇ ಈ ವಿಡಿಯೋದಲ್ಲಿ ಶಿಖರಕ್ಕಿಂತ ಜಾಸ್ತಿ ಹಗ್ಗವನ್ನೇ ನೋಡೋಣ.

ಬೆಟ್ಟದ ಹೆಸರು ಮೋನ್ಶ್. ಸ್ವಿಟ್ಜರ್‌ಲೆಂಡ್‌ನಲ್ಲಿ ಐಗರ್ ಮತ್ತು ಯುಂಗ್‌ಫ್ರೌ ಶಿಖರಗಳ ನಡುವೆ ನಿಂತಿದೆ. ಎತ್ತರ 4,107 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಬೂಟಿನ ಲೇಸ್ ಕಟ್ಟಿದರೂ ಏದುಸಿರು ಬರುತ್ತದೆ.

ಈಗ ನೋಡುತ್ತಿರುವುದು ತಯಾರಿಯ ಶಾಟ್‌ಗಳು. ಇದು ಉಣಕಲ್ ಹತ್ತಿರದ ನೃಪತುಂಗ ಬೆಟ್ಟ. ಏಪ್ರಿಲ್ ಬಿಸಿಲು, ಕಾಲಲ್ಲಿ ಹಿಮದ ದಪ್ಪ ಬೂಟು, ಬೆನ್ನ ಮೇಲೆ ಅಕ್ಕಿ ತುಂಬಿದ ಬ್ಯಾಗ್. ವಾಕಿಂಗ್‌ಗೆ ಬಂದ ಹಿರಿಯರು ನನ್ನನ್ನು ನೋಡಿ ದಾರಿ ಬಿಟ್ಟು ನಿಂತಿದ್ದಾರೆ, ಗಮನಿಸಿ. ಇದು ಗದಗಿನ ಕಪ್ಪತಗುಡ್ಡ. ಗಾಳಿಗೆ ಮೈ ಒಡ್ಡಿ ನಡೆಯೋಕೆ ಇದಕ್ಕಿಂತ ಒಳ್ಳೆ ಜಾಗ ನಮ್ಮ ಕಡೆ ಬೇಕಿಲ್ಲ. ಅಲ್ಲಿ ಆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಇನ್ನು ಇದು ಅಣ್ಣಿಗೇರಿ ಹತ್ತಿರ ಕಾಕಾನ ಹೊಲ. ಬದುವಿನ ಮೇಲೆ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು, ಕೆಳಗೆ ನೋಡದೆ ನಡೆಯುವ ಅಭ್ಯಾಸ. ಕಾಕಾ ಸ್ವಲ್ಪ ಹೊತ್ತು ನೋಡಿದ. "ತಮ್ಮಾ, ಎರಿ ಹೊಲದಾಗ ಹಿಮ ಬೀಳೂದಿಲ್ಲೋ" ಅಂದು ಚಹಾ ಕುಡಿಯೋಕೆ ಹೋದ.

ಯುಂಗ್‌ಫ್ರೌಯೋಖ್ ಅಂತ ಮೋನ್ಶ್, ಯುಂಗ್‌ಫ್ರೌ ನಡುವಿನ ತಗ್ಗು ಇದೆ. ಅಲ್ಲಿಯ ತನಕ ರೈಲಿದೆ. 1912ರಲ್ಲಿ ಶುರುವಾದದ್ದು. ಐಗರ್ ಮತ್ತು ಮೋನ್ಶ್ ಒಳಗೆ ಕೊರೆದ ಸುರಂಗದಲ್ಲಿ ಹೋಗಿ 3,454 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಂದರೆ ನಾವು ಹತ್ತಬೇಕಾದ ಬೆಟ್ಟದ ಹೊಟ್ಟೆಯೊಳಗಿಂದಲೇ ಹೋಗುತ್ತೇವೆ! ಸ್ಟೇಷನ್‌ನಲ್ಲಿ ರಾಣೇಬೆನ್ನೂರಿನ ಟೂರ್ ಗುಂಪು ಸಿಕ್ಕಿತು. ಇಳಕಲ್ ಸೀರೆ ಮೇಲೆ ಸ್ವೆಟರ್ ಹಾಕಿದ್ದ ಒಬ್ಬ ಅಜ್ಜಿ ನನ್ನ ಐಸ್ ಆಕ್ಸ್ ನೋಡಿ, "ಯಪ್ಪಾ, ಗುದ್ದಲಿ ಹಿಡ್ಕೊಂಡ್ ಎಲ್ಲಿಗೆ ಹೊಂಟಿ?" ಅಂದರು. ಗುಡ್ಡ ಹತ್ತಾಕ ಅಂದೆ. "ರೈಲ್ ಇಲ್ಲೀತನಕಾ ಬಂದೈತಿ, ಮತ್ಯಾಕ ಹತ್ತೂದು?" ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ.

ಮೊದಲ ದಿನ ಹಿಮನದಿಯ ಮೇಲೆ ಬರೀ ಅಭ್ಯಾಸ. ಇಲ್ಲಿ ಹಗ್ಗ ನೋಡಿ, ಎಷ್ಟು ಉದ್ದ ಇದೆ. ನನಗೂ ಗೈಡ್‌ಗೂ ನಡುವೆ ಹನ್ನೆರಡು ಮೀಟರ್ ಹತ್ತಿರ. ನಡುನಡುವೆ ಗಂಟು ಹಾಕಿದ್ದಾರೆ. ಹಿಮದ ಕೆಳಗೆ ಬಿರುಕುಗಳಿರುತ್ತವೆ, ಮೇಲಿನಿಂದ ಕಾಣುವುದಿಲ್ಲ. ಹತ್ತಿರ ಹತ್ತಿರ ನಡೆದರೆ ಇಬ್ಬರೂ ಒಂದೇ ಬಿರುಕಿನ ಮೇಲೆ ಇರಬಹುದು. ದೂರ ಇದ್ದರೆ ಒಬ್ಬ ಬಿದ್ದರೂ ಇನ್ನೊಬ್ಬ ಹಿಡಿಯಬಹುದು. ಆಗ ಗಂಟು ಬಿರುಕಿನ ಅಂಚಿನ ಹಿಮಕ್ಕೆ ಸಿಕ್ಕಿ ಬ್ರೇಕ್ ಹಾಕುತ್ತದೆ. ರಾತ್ರಿ ಮೋನ್ಶ್‌ಯೋಖ್ ಹಟ್‌ನಲ್ಲಿ ಉಳಿದೆವು, ಬೆಟ್ಟ ಹತ್ತುವವರು ತಂಗುವ ಮನೆ ಅದು. ನಿದ್ದೆ ಅಷ್ಟಕ್ಕಷ್ಟೇ.

ಬೆಳಿಗ್ಗೆ ಕತ್ತಲಲ್ಲೇ ಹೊರಟೆವು. ರಾತ್ರಿ ಗಟ್ಟಿಯಾದ ಹಿಮ ಬಿಸಿಲು ಬಂದಮೇಲೆ ಮೆತ್ತಗಾಗುತ್ತದೆ, ಕ್ರಾಂಪಾನ್, ಅಂದರೆ ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳಿನ ಕೆಳಗೆ ಉಂಡೆ ಕಟ್ಟುತ್ತದೆ, ಆಗ ಮುಳ್ಳು ಇದ್ದೂ ಇಲ್ಲದ ಹಾಗೆ. ಹಾಗಾಗಿ ಬೇಗ ಹೋಗಿ ಬೇಗ ಇಳಿಯಬೇಕು. ನಮ್ಮದು ಆಗ್ನೇಯ ರಿಡ್ಜ್, ಅಂದರೆ ಬೆಟ್ಟದ ಆ ಕಡೆಯ ಏಣು. ಸ್ವಲ್ಪ ಬಂಡೆ, ಸ್ವಲ್ಪ ಹಿಮ, ಮತ್ತೆ ಬಂಡೆ. ಕಬ್ಬಿಣದ ಮುಳ್ಳು ಕಟ್ಟಿಕೊಂಡು ಬಂಡೆ ಹತ್ತುವಾಗ ಬರುವ ಆ ಕಿರ್ ಕಿರ್ ಸದ್ದು ಕೇಳಿ. ನನಗೆ ಮೈ ಜುಮ್ ಅನ್ನುತ್ತಿತ್ತು.

ಇಲ್ಲಿಂದ ಹಗ್ಗ ಗಿಡ್ಡ. ಮೂರು ಮೀಟರ್‌ಗೂ ಕಡಿಮೆ. ಉಳಿದದ್ದನ್ನು ಗೈಡ್ ಎದೆಗೆ ಸುತ್ತಿಕೊಂಡಿದ್ದಾರೆ, ಕೈಯಲ್ಲೂ ಒಂದೆರಡು ಸುತ್ತು ಹಿಡಿದಿದ್ದಾರೆ. ಈ ಹಗ್ಗ ಬಿಗಿಯಾಗಿದೆ ಅಲ್ವಾ? ಎಳೆಯೋಕಲ್ಲ. ನನ್ನ ಕಾಲು ಜಾರಿದ ಆ ಕ್ಷಣವೇ ಅವರ ಕೈಗೆ ಗೊತ್ತಾಗಬೇಕು. ಜಾರಿ ವೇಗ ಬಂದಮೇಲೆ ಒಬ್ಬ ಮನುಷ್ಯನನ್ನು ಇನ್ನೊಬ್ಬ ಹಿಡಿದು ನಿಲ್ಲಿಸುವುದು ಆಗದ ಮಾತು. ಬಂಡೆ ಬಂದಾಗ ಅವರು ಮುಂದೆ ಹೋಗಿ, ಹಗ್ಗವನ್ನು ಮೇಲೆ ಚಾಚಿಕೊಂಡ ಒಂದು ಗಟ್ಟಿ ಕಲ್ಲಿಗೆ ಹಾಕಿ, ನನ್ನನ್ನು ಕರೆಯುತ್ತಾರೆ. ಹತ್ತುವುದು ನನ್ನದೇ ಕೈಕಾಲು.

ಶಿಖರದ ಹತ್ತಿರದ ಈ ಭಾಗ ನೋಡಿ. ಬರೀ ಹಿಮದ ಏಣು. ಎರಡೂ ಕಡೆ ಇಳಿಜಾರು. ಗಾಳಿ ಹಿಮವನ್ನು ತಳ್ಳಿ ತಳ್ಳಿ ಒಂದು ಬದಿಗೆ ಚಾಚಿರುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ. ಇದೇ ಕಾರ್ನಿಸ್. ನೆತ್ತಿಯ ಮೇಲೆ ನಡೆಯೋಣ ಅನಿಸುತ್ತದೆ, ಆದರೆ ದಾರಿ ಅದಕ್ಕಿಂತ ಸ್ವಲ್ಪ ಕೆಳಗೆ. ಗೈಡ್ ಹತ್ತುವ ಮೊದಲೇ ಹೇಳಿದ್ದರು: ನೀನು ಎಡಕ್ಕೆ ಬಿದ್ದರೆ ನಾನು ಬಲಕ್ಕೆ ಹಾರುತ್ತೇನೆ, ನಾನು ಬಿದ್ದರೆ ನೀನೂ ಹಾಗೇ ಮಾಡು. ತಮಾಷೆ ಅಂದುಕೊಂಡೆ. ಅಲ್ಲ. ಆಗ ಹಗ್ಗ ಏಣಿನ ಮೇಲೆ ಅಡ್ಡ ಬೀಳುತ್ತದೆ, ಇಬ್ಬರೂ ಎರಡು ಕಡೆ ನೇತಾಡುತ್ತಾರೆ, ಬದುಕುತ್ತಾರೆ. ಹೇಳಿಕೊಟ್ಟದ್ದು ಸರಿ, ಹಾರುವ ಧೈರ್ಯ ನನಗೆ ಇರುತ್ತಿತ್ತೋ ಇಲ್ಲವೋ. ಆಮೇಲಿನ ಪ್ರತಿ ಹೆಜ್ಜೆಯಲ್ಲೂ ಎಡ, ಬಲ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಶಿಖರದ ಶಾಟ್ ಬೇಗ ಮುಗಿಯುತ್ತದೆ. ಒಂದು ಕಡೆ ಆಲ್ಪ್ಸ್‌ನ ಅತಿ ಉದ್ದದ ಅಲೆಚ್ ಹಿಮನದಿ, ಇನ್ನೊಂದು ಕಡೆ ಹಸಿರು ಕಣಿವೆ. ಜೇಬಿನಲ್ಲಿದ್ದ ಶೇಂಗಾ ಹೋಳಿಗೆ ತಿಂದೆವು. ಪೇಡೆ ಮಾತ್ರ ಕಲ್ಲಾಗಿತ್ತು.

ಇಳಿಯುವಾಗ ಜಾಗ ಬದಲು. ನಾನು ಮುಂದೆ, ಗೈಡ್ ಹಿಂದೆ, ಅಂದರೆ ಮೇಲೆ. ಜಾರಿದರೆ ಮೇಲಿನಿಂದ ತಡೆಯಬೇಕಲ್ಲ. ಗೆಳೆಯನಿಗೆ ಈ ಶಾಟ್ ತೋರಿಸಿದೆ. ಇಲ್ಲಿ ಯಾರು ಯಾರನ್ನು ಎಳೀಲಿಕ್ಕತ್ತಾರ, ಹೇಳಲೇ ಅಂದೆ.

ಇನ್ನೊಂದು ಮಾತು. ಗೈಡ್ ಇಟ್ಟುಕೊಂಡರೆ ಅದು ನಿಜವಾದ ಹತ್ತುವಿಕೆ ಅಲ್ಲ ಅನ್ನುವವರಿದ್ದಾರೆ. 1857ರಲ್ಲಿ ಮೋನ್ಶ್ ಮೊದಲು ಹತ್ತಿದ್ದು ವಿಯೆನ್ನಾದ ಪೋರ್ಗೆಸ್ ಎಂಬಾತ. ಅವರೂ ಹೋದದ್ದು ಕ್ರಿಶ್ಚಿಯನ್ ಆಲ್ಮರ್ ಮುಂತಾದ ಗೈಡ್‌ಗಳ ಜೊತೆ. ಪಕ್ಕದ ಯುಂಗ್‌ಫ್ರೌ ಹತ್ತಿದ ಮೇಯರ್ ಸೋದರರೂ 1811ರಲ್ಲಿ ಸ್ಥಳೀಯ ಬೇಟೆಗಾರರನ್ನು ಕರೆದುಕೊಂಡೇ ಹೋದರು.

ಮರುದಿನ ಯುಂಗ್‌ಫ್ರೌ ಹತ್ತುವ ಪ್ಲಾನ್ ಇತ್ತು, 4,158 ಮೀಟರ್. ರಾತ್ರಿ ಹೊಸ ಹಿಮ ಬಿತ್ತು, ಗಾಳಿಯೂ ಎದ್ದಿತು. ಗೈಡ್ ಹೊರಗೆ ಹೋಗಿ ನೋಡಿ ಬಂದು, ಇವತ್ತು ಬೇಡ ಅಂದರು. 2007ರ ಜುಲೈನಲ್ಲಿ ಅದೇ ಬೆಟ್ಟದಲ್ಲಿ ಸ್ವಿಸ್ ಸೇನೆಯ 6 ಜನ ಸತ್ತಿದ್ದಾರೆ. ಆಗಲೂ ಹೊಸ ಹಿಮ ಬಿದ್ದಿತ್ತು. ನನಗೆ ಹೊಟ್ಟೆ ಉರಿಯಿತು, ದುಡ್ಡು ಕೊಟ್ಟಾಗಿತ್ತು. ಆದರೂ ವಾದ ಮಾಡಲಿಲ್ಲ. ನನ್ನ ಪ್ರಕಾರ ಗೈಡ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧ ಈ "ಬೇಡ"ಕ್ಕೇ.

ಹೋಗುವ ಆಸೆ ಇರುವವರು ಗೈಡ್ ಹತ್ತಿರ ಐಎಫ್‌ಎಂಜಿಎ ಬ್ಯಾಡ್ಜ್ ಇದೆಯಾ ನೋಡಿ, ಗೈಡ್‌ಗಳ ಅಂತಾರಾಷ್ಟ್ರೀಯ ಒಕ್ಕೂಟದ್ದು ಅದು. ಮತ್ತೆ ಮನೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಅಭ್ಯಾಸ ಮಾಡಿ, ಮೊಣಕಾಲು ಹೋಗುವುದು ಅಲ್ಲೇ. ಬೂಟು, ಕ್ರಾಂಪಾನ್, ಬಾಡಿಗೆ, ಎಲ್ಲ ಲೆಕ್ಕ ಮುಂದಿನ ವಿಡಿಯೋದಲ್ಲಿ.