ಹಣ ತಂದುಕೊಡದ ಪೇಟೆಂಟ್‌ಗಳು

ಪರದೆಯ ಮೇಲೆ ಈಗ ನೀವು ನೋಡುತ್ತಿರುವುದು ಅಮೆರಿಕದ 638920ನೇ ಸಂಖ್ಯೆಯ ಪೇಟೆಂಟ್. ತಾರೀಖು 1899ರ ಡಿಸೆಂಬರ್ 12. ಕೆಳಗೆ ಚೂಪಾದ ಒಂದು ಮರದ ಗೂಟ, ಅದರ ತಲೆಗೆ ತೊಡಿಸಿದ ಮೆತ್ತನೆಯ ಕೊಳವೆ, ಕೊಳವೆಯ ಬಾಯಿಯ ಮೇಲೆ ಗಾಲ್ಫ್ ಚೆಂಡು. ಇದೇ ಗಾಲ್ಫ್ ಟೀ. ಆ ಕಾಲದ ಆಟಗಾರರು ಒದ್ದೆ ಮರಳನ್ನು ಬೆರಳುಗಳಿಂದ ಒತ್ತಿ ಪುಟ್ಟ ಗುಡ್ಡೆ ಮಾಡಿ, ಅದರ ಮೇಲೆ ಚೆಂಡನ್ನಿಟ್ಟು ಹೊಡೆಯುತ್ತಿದ್ದರು. ಆ ಮರಳಿನ ಉಸಾಬರಿ ತಪ್ಪಿಸುವುದೇ ತನ್ನ ಉದ್ದೇಶ ಎಂದು ಪೇಟೆಂಟ್ ನೇರವಾಗಿ ಹೇಳುತ್ತದೆ.

ಬರೆದವರು ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್. ಬಾಸ್ಟನ್ನಿನ ದಂತವೈದ್ಯ, ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಕಪ್ಪು ಅಧ್ಯಾಪಕ. ಸೀಳು ಅಂಗುಳಿನವರಿಗೆ ಕೃತಕ ಅಂಗುಳು ರೂಪಿಸಿಕೊಡುವುದರಲ್ಲಿ ಹೆಸರಾದವರು. ಗಟ್ಟಿ ವಸ್ತುವನ್ನು ಮೆತ್ತನೆಯ ಜಾಗದಲ್ಲಿ ನೋಯದಂತೆ ಕೂರಿಸುವುದು ಅವರ ನಿತ್ಯದ ಕೆಲಸ. ಗೂಟದ ತುದಿಗೆ ಬಾಗುವ ಕೊಳವೆ ಹಾಕಬೇಕೆಂದು ಹೊಳೆದದ್ದು ಆ ಕೈಗಳಿಗೇ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಗ್ರಾಂಟ್ ಅದನ್ನು ಮಾರಲು ಹೋಗಲಿಲ್ಲ, ಸ್ನೇಹಿತರಿಗೆ ಹಂಚಿದರು. 1910ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ವಿಲಿಯಂ ಲೋವೆಲ್ ಎಂಬವರು, ಅವರೂ ದಂತವೈದ್ಯರೇ, ಟೀಗೆ ಕೆಂಪು ಬಣ್ಣ ಬಳಿದು, ವಾಲ್ಟರ್ ಹೇಗನ್‌ರಂಥ ಹೆಸರಾಂತ ಆಟಗಾರನಿಗೆ ಹಣ ಕೊಟ್ಟು ಬಳಸುವಂತೆ ಮಾಡಿದರು. ಟೀ ಮನೆಮಾತಾಯಿತು, ಗ್ರಾಂಟ್ ಹೆಸರು ಮರೆಯಾಯಿತು. ಅಮೆರಿಕದ ಗಾಲ್ಫ್ ಸಂಸ್ಥೆ ಅವರ ಕೊಡುಗೆಯನ್ನು ಗುರುತಿಸಿದ್ದು 1991ರಲ್ಲಿ. ಬ್ರಿಟನ್ನಿನಲ್ಲಿ ಇದಕ್ಕೂ ಹಿಂದೆಯೇ, 1889ರಲ್ಲಿ, ಬೇರೊಂದು ಬಗೆಯ ಟೀಗೆ ಪೇಟೆಂಟ್ ಸಿಕ್ಕಿತ್ತು. ಹಾಗಾಗಿ ಗ್ರಾಂಟ್ ಅವರನ್ನು ಟೀಯ ಮೊದಲಿಗರೆಂದು ಕರೆಯಲಾರೆ. ಆದರೆ ಅವರ ಕೆಲಸ ಯಾವುದು, ಎಂದಿನದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಹೆಸರೂ ತಾರೀಖೂ ಚಿತ್ರದೊಂದಿಗೆ ಉಳಿದುಬಿಟ್ಟಿವೆ. ಪೇಟೆಂಟ್ ಎಂದೊಡನೆ ನಾವೆಲ್ಲ ದುಡ್ಡಿನ ಲೆಕ್ಕ ಹಾಕುತ್ತೇವೆ. ನನ್ನನ್ನು ಸೆಳೆಯುವುದು ಈ ದಾಖಲೆಯ ಗುಣ.

ಪೇಟೆಂಟಿನ ಒಪ್ಪಂದ ಸರಳ: ನಿನ್ನ ಗುಟ್ಟನ್ನು ಎಲ್ಲರೆದುರು ಬಿಚ್ಚಿಡು, ಕೆಲವು ವರ್ಷಗಳ ಮಟ್ಟಿಗೆ ಅದರ ಹಕ್ಕು ನಿನ್ನದು. ಗುಟ್ಟು ಬಿಚ್ಚಿಡಲಾಗದ ಕಡೆ ಏನಾಗುತ್ತದೆ ಎಂಬುದಕ್ಕೆ ಬ್ಯಾಂಕಿನ ಗೋಡೆಯಲ್ಲಿರುವ ಹಣದ ಯಂತ್ರವೇ ಸಾಕ್ಷಿ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ತೆರೆದ ಯಂತ್ರವನ್ನು ರೂಪಿಸಿದವರು ಜಾನ್ ಶೆಫರ್ಡ್-ಬ್ಯಾರನ್. ಅದಕ್ಕೆ ಪ್ಲಾಸ್ಟಿಕ್ ಕಾರ್ಡ್ ಇರಲಿಲ್ಲ. ಕಾರ್ಬನ್-14 ಎಂಬ ವಿಕಿರಣಶೀಲ ವಸ್ತುವಿನ ಲೇಪವಿದ್ದ ಕಾಗದದ ಚೆಕ್ ತೂರಿಸಬೇಕಿತ್ತು. ಅವರು ಪೇಟೆಂಟ್ ಮಾಡಿಸಲಿಲ್ಲ. ಚೆಕ್ಕನ್ನು ಗುರುತಿಸುವ ಸಂಕೇತದ ವಿವರವನ್ನು ಬರೆದು ಪ್ರಕಟಿಸಿದರೆ ಅದು ಕಳ್ಳರ ಕೈಗೆ ಸಿಕ್ಕಂತೆ ಎಂಬುದು ಕಾರಣ.

ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೋ ಬೇರೆ ದಾರಿ ಹಿಡಿದರು. 1966ರ ಮೇ 2ರ ದಿನಾಂಕವಿರುವ ಅವರ ಪೇಟೆಂಟ್ ಅರ್ಜಿಯಲ್ಲಿ ರಂಧ್ರಗಳಿರುವ ಕಾರ್ಡ್ ಇದೆ, ಒತ್ತುವ ಗುಂಡಿಗಳಿವೆ, ಗ್ರಾಹಕನಿಗಷ್ಟೇ ಗೊತ್ತಿರುವ ಒಂದು ಸಂಖ್ಯೆ ಇದೆ. ಕಾರ್ಡ್ ಕದ್ದವನಿಗೆ ಸಂಖ್ಯೆ ಗೊತ್ತಿಲ್ಲ, ಸಂಖ್ಯೆ ಕದ್ದು ಕೇಳಿದವನ ಬಳಿ ಕಾರ್ಡ್ ಇಲ್ಲ. ಇಡೀ ವಿಧಾನವನ್ನು ಜಗತ್ತಿಗೇ ಓದಿ ಹೇಳಿದರೂ ಬೀಗ ಸಡಿಲವಾಗುವುದಿಲ್ಲ. ಗುಟ್ಟಿರುವುದು ಯಂತ್ರದಲ್ಲಲ್ಲ, ಗ್ರಾಹಕನ ನೆನಪಿನಲ್ಲಿ. ಇದು ನಿಜಕ್ಕೂ ಸೊಗಸಾದ ಯೋಚನೆ. ಗುಡ್‌ಫೆಲೋ ನೌಕರಿಯಲ್ಲಿದ್ದವರು, ಕೈಗೆ ಬಂದದ್ದು ಲೆಕ್ಕಕ್ಕಿಲ್ಲದಷ್ಟು ಸಣ್ಣ ಮೊತ್ತ. ಬ್ರಿಟನ್ ಸರ್ಕಾರದ ಗೌರವ ಶೆಫರ್ಡ್-ಬ್ಯಾರನ್ ಅವರಿಗೆ 2005ರಲ್ಲಿ ಸಂದಿತು, ಗುಡ್‌ಫೆಲೋ ಅವರಿಗೆ 2006ರಲ್ಲಿ.

ಔಷಧದ ವಿಷಯಕ್ಕೆ ಬಂದರೆ ನನ್ನ ಮನಸ್ಸು ನಿಲ್ಲುವುದು ಮಧುಮೇಹದ ಮದ್ದಾದ ಇನ್ಸುಲಿನ್ ಬಳಿ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಹೆಚ್ಚು ಫಲ ಕೊಡಲಿಲ್ಲ. ಜೀವರಸಾಯನತಜ್ಞ ಜೇಮ್ಸ್ ಕಾಲಿಪ್ ಆ ಮದ್ದಿಗೆ ಬಳಸಿದ ಮೇದೋಜೀರಕ ಗ್ರಂಥಿಯ ಸಾರಕ್ಕೆ ಆಲ್ಕೋಹಾಲ್ ಹೆಚ್ಚಿಸುತ್ತಾ ಹೋದರು. ಕಲ್ಮಷಗಳೆಲ್ಲ ಮೊದಲೇ ತಳ ಸೇರಿದವು. ಆಲ್ಕೋಹಾಲ್ ಶೇ 90ರ ಆಸುಪಾಸಿಗೆ ಬಂದಾಗ ಬೇಕಾದ ವಸ್ತುವೂ ಬೇರ್ಪಟ್ಟಿತು. ಜನವರಿ 23ರಂದು ಅದನ್ನು ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು.

ಸರಿಯಾಗಿ ಒಂದು ವರ್ಷಕ್ಕೆ, 1923ರ ಜನವರಿ 23ರಂದು, ಇನ್ಸುಲಿನ್ ಕಂಡುಹಿಡಿದ ತಂಡದ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ವೈದ್ಯನಾದವನು ಪೇಟೆಂಟಿಗೆ ಹೆಸರು ಕೊಡಬಾರದೆಂದು ಬ್ಯಾಂಟಿಂಗ್ ಮೊದಲು ಒಪ್ಪಿಯೇ ಇರಲಿಲ್ಲ. ಹಾಗಿದ್ದರೆ ಪೇಟೆಂಟ್ ಯಾಕೆ ಬೇಕಿತ್ತು? ಇವರು ಮಾಡಿಸದಿದ್ದರೆ ಇನ್ಯಾರೋ ಮಾಡಿಸಿ ಏಕಸ್ವಾಮ್ಯ ಸಾಧಿಸುವ ಭಯವಿತ್ತು. ಬೇರೆಯವರು ಬಾಗಿಲು ಮುಚ್ಚದಿರಲೆಂದೇ ಇವರು ಕೀಲಿಯನ್ನು ತಮ್ಮ ಬಳಿ ಇಟ್ಟುಕೊಂಡರು.

ವಿರುದ್ಧ ದಿಕ್ಕಿನ ಕಥೆಯೂ ಇದೆ. 1990ರ ದಶಕದಲ್ಲಿ ಅಮೆರಿಕದ ಒಬ್ಬ ನೇತ್ರತಜ್ಞರು ಹೊಲಿಗೆ ಬೇಡದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಪಡೆದು, ಅದನ್ನು ಬಳಸಿದ ಇನ್ನೊಬ್ಬ ವೈದ್ಯರ ಮೇಲೆ ದಾವೆ ಹೂಡಿದರು. ವೈದ್ಯಲೋಕ ಸಿಟ್ಟಿಗೆದ್ದಿತು. ಅಂಥ ದಾವೆಗಳಿಂದ ವೈದ್ಯರನ್ನು ಕಾಪಾಡಲು 1996ರಲ್ಲಿ ಕಾನೂನೇ ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು.

ಇವನ್ನೆಲ್ಲ ಗೂಗಲ್ ಪೇಟೆಂಟ್ಸ್‌ನಲ್ಲಿ ಯಾರು ಬೇಕಾದರೂ ಓದಬಹುದು. ಇನ್ಸುಲಿನ್ನಿನದು ಅಮೆರಿಕದ 1469994, ಗುಡ್‌ಫೆಲೋ ಅವರದು ಬ್ರಿಟನ್ನಿನ 1197183. ಹಳೆಯ ಪೇಟೆಂಟ್‌ಗಳನ್ನು ಕೊನೆಯಿಂದ ಓದಲು ತೊಡಗಿ. ಅಲ್ಲಿರುವ ‘ಕ್ಲೈಮ್’ಗಳಲ್ಲೇ ಸಂಶೋಧಕರು ಯಾವುದನ್ನು ತಮ್ಮದೆಂದು ಕೇಳಿದ್ದಾರೆ ಎಂಬುದು ಸಿಗುತ್ತದೆ. ಆಮೇಲೆ ಚಿತ್ರಕ್ಕೆ ಬನ್ನಿ.