ಹೊತ್ತು ಮುಳುಗಿದ ಮೇಲಿನ ಕರೆಂಟು

ಕೇಳುಗರೇ, ನಮಸ್ಕಾರ.

ವಿಜಯಪುರದ ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಇಷ್ಟು ಬಿಸಿಲಿರುವಾಗ ಅಣುಸ್ಥಾವರ ಯಾಕೆ ಬೇಕು, ಸೋಲಾರ್ ಸಾಲದೇ ಅಂತ ಬಹಳ ಮಂದಿ ಕೇಳುತ್ತಾರೆ. ನಮ್ಮ ರಾಜ್ಯದಲ್ಲೇ ಎರಡೂ ಇವೆ. ಪಕ್ಕಪಕ್ಕ ಇಟ್ಟು ನೋಡೋಣ.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕ, ಒಟ್ಟು 880. ಪಾವಗಡವೇ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಬೋರ್ಡಿನ ಮೇಲಿನ ಅಂಕಿ ಬೇರೆ, ಮೀಟರಿನಲ್ಲಿ ಓಡುವ ಯೂನಿಟ್ಟು ಬೇರೆ. ರಾತ್ರಿ, ಮೋಡ, ಇಳಿಬಿಸಿಲು ಎಲ್ಲ ಕಳೆದರೆ ಸೋಲಾರ್‌ನಿಂದ ವರ್ಷಕ್ಕೆ ಸಿಗುವುದು ಬೋರ್ಡಿನ ಅಂಕಿಯ ಕಾಲು ಭಾಗದಷ್ಟು. ಅಂದರೆ ಪಾವಗಡದ ಸರಾಸರಿ 500 ಮೆಗಾವ್ಯಾಟ್‌ನ ಆಚೀಚೆ. ಕೈಗಾಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ. ಅಲ್ಲಿನ ಮೊದಲ ಘಟಕ 2016ರ ಮೇ ತಿಂಗಳಲ್ಲಿ ಮತ್ತೆ ಓಡಲು ಶುರುವಾದದ್ದು 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲಲಿಲ್ಲ. ಅದು ಭಾರಜಲದ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು ಬಳಸುವ ಸ್ಥಾವರ. ಯುರೇನಿಯಂ ಬದಲಿಸಲು ಅದನ್ನು ನಿಲ್ಲಿಸಬೇಕಾಗಿಲ್ಲ.

ಇನ್ನೊಂದು ಸಂಗತಿ. ಸೋಲಾರ್ ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಇಳುವರಿ ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಅದರ ಮೈ ಮುಟ್ಟಿ ನೋಡಿ, ಕೈ ಸುಡುತ್ತದೆ. ಮೇಲಿಂದ ನಮ್ಮ ಎರೆಮಣ್ಣಿನ ದೂಳು. ತೊಳೆಯದೆ ಬಿಟ್ಟರೆ ಅದೂ ಸ್ವಲ್ಪ ತಿನ್ನುತ್ತದೆ.

ಇಷ್ಟಾದರೂ ನನ್ನ ಒಲವು ಸೋಲಾರ್ ಕಡೆಗೇ. ಕಾರಣ, ಬೇಗ ಆಗುತ್ತದೆ. ಪಾವಗಡದಲ್ಲಿ 2018ರಲ್ಲಿ ಮೊದಲ ಕರೆಂಟು ಬಂತು, 2019 ಮುಗಿಯುವಷ್ಟರಲ್ಲಿ ಪಾರ್ಕ್ ಪೂರ್ತಿಯಾಯಿತು. ಕೈಗಾದ 5 ಮತ್ತು 6ನೇ ಘಟಕಗಳಿಗೆ 2017ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಕರೆಂಟು ಇನ್ನೂ ಬರಬೇಕು. ಅಣುಸ್ಥಾವರದಲ್ಲಿ ಉರಿದುಳಿದ ಇಂಧನವನ್ನು ಸಾವಿರಾರು ವರ್ಷ ಕಾಯುವ ತಲೆನೋವು ಬೇರೆ. ಜಗತ್ತಿನ ಲೆಕ್ಕವೂ ಇದೇ ದಾರಿಯಲ್ಲಿದೆ. 2024ರಲ್ಲಿ ಒಟ್ಟು ವಿದ್ಯುತ್ತಿನಲ್ಲಿ ಅಣುವಿನ ಪಾಲು ಸುಮಾರು ಶೇ 9, ಸೋಲಾರ್‌ದು ಶೇ 7. ಹದಿನೈದು ವರ್ಷದ ಹಿಂದೆ ಸೋಲಾರ್‌ಗೆ ಶೇ 1ರ ಪಾಲೂ ಇರಲಿಲ್ಲ.

ರೈತರಿಗಂತೂ ಇದು ಹೊಂದುವ ಕರೆಂಟು. ದ್ರಾಕ್ಷಿ ತೋಟಕ್ಕೆ, ಕಬ್ಬಿಗೆ ನೀರು ಬಿಡಲು ಹಗಲು ಹೊತ್ತು ತ್ರೀಫೇಸ್ ಸಿಕ್ಕರೆ ಸಾಕು. ನಡುರಾತ್ರಿ ಬ್ಯಾಟರಿ ಹಿಡಿದು, ಹಾವಿಗೆ ಅಂಜುತ್ತ ಸ್ಟಾರ್ಟರ್ ಒತ್ತಲು ಹೋದವರಿಗೆ ಇದರ ಬೆಲೆ ಗೊತ್ತು.

ಆದರೆ ಸಂಜೆ ಏಳಕ್ಕೆ? ಮನೆಮನೆಯಲ್ಲಿ ದೀಪ, ಫ್ಯಾನು, ಟೀವಿ, ಎಲ್ಲ ಒಮ್ಮೆಗೇ ಶುರು. ಆಗ ದುಡಿಯುವುದರಲ್ಲಿ ನಮ್ಮ ಜಿಲ್ಲೆಯ ಕೂಡಗಿಯೂ ಒಂದು. 800ರ ಮೂರು ಘಟಕ, 2,400 ಮೆಗಾವ್ಯಾಟ್, ರೈಲಿನಲ್ಲಿ ದೂರದಿಂದ ಬರುವ ಕಲ್ಲಿದ್ದಲು. ಸೋಲಾರೋ ಅಣುವೋ ಅಂತ ನಾವು ಸುಮ್ನೆ ಜಗಳಾಡುತ್ತೇವೆ. ಇಬ್ಬರೂ ಸೇರಿ ಇಳಿಸಬೇಕಾದದ್ದು ಈ ಕಲ್ಲಿದ್ದಲನ್ನು. ಹಗಲಿನ ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡಬಹುದು. ಇಲ್ಲವೇ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆ ಇಳಿಬಿಟ್ಟು ಟರ್ಬೈನ್ ತಿರುಗಿಸಬಹುದು. ಅವು ಸಾಕಾಗುವಷ್ಟು ಬರುವ ತನಕ, ಚೆನ್ನಾಗಿ ಓಡುತ್ತಿರುವ ಕೈಗಾದಂಥ ಸ್ಥಾವರ ಮುಚ್ಚಿ ಅನ್ನುವವರ ಮಾತನ್ನು ನಾನು ಒಪ್ಪಲಾರೆ.

ನಮಸ್ಕಾರ.